ಯಜಮಾನರ ಕುರ್ಚಿ ಕಂಡದ್ದು

ನಾನು ತೇಗದ ಮರದ ಕುರ್ಚಿ. ದಾವಣಗೆರೆಯ ಬಡಗಿ ಕಾಳಾಚಾರ್ಯರು ನನ್ನನ್ನು ಒಂದು ಶಾಲೆಯ ಮುಖ್ಯೋಪಾಧ್ಯಾಯರಿಗಾಗಿ ಮಾಡಿದರು. ಕೂತವರು ಒರಗಿ ತೂಕಡಿಸಬಾರದೆಂದು ನನ್ನ ಬೆನ್ನನ್ನು ನೆಟ್ಟಗೆ ನಿಲ್ಲಿಸಿದರು.

ಆ ಮುಖ್ಯೋಪಾಧ್ಯಾಯರು ಒಮ್ಮೆ ತಮ್ಮ ಗಡಿಯಾರ ಕದ್ದಳೆಂದು ಒಬ್ಬ ವಿದ್ಯಾರ್ಥಿನಿಯನ್ನು ಎಲ್ಲರೆದುರು ಬೈದರು. ಮರುದಿನ ಗಡಿಯಾರ ಅವರ ಕೋಟಿನಲ್ಲೇ ಸಿಕ್ಕಿತು. ಅವರು ನನ್ನಿಂದ ಎದ್ದು ನಿಂತು, ಇಡೀ ಶಾಲೆಯ ಮುಂದೆ, "ತಪ್ಪು ನಂದು ತಾಯಿ" ಎಂದರು. ಹಿರಿತನವೆಂದರೇನೆಂದು ನಾನು ಅಂದೇ ಕಲಿತೆ.

ಶಾಲೆಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ನಾನು ಬೆಂಗಳೂರಿನ ಗಾಂಧಿನಗರದಲ್ಲಿ ಸಿನಿಮಾಗಳಿಗೆ ಸಾಮಾನು ಬಾಡಿಗೆ ಕೊಡುವ ಅಂಗಡಿ ಸೇರಿದೆ. ಒಂದು ಚಿತ್ರಕ್ಕಾಗಿ ನನ್ನ ಕೈಗಳಿಗೆ ಹಿತ್ತಾಳೆಯ ಸಿಂಹಮುಖ ಬಡಿದು, ಪಾತಕಿ ಕುಟುಂಬವೊಂದರ ಯಜಮಾನನ ಪೀಠವಾಗಿಸಿದರು. ಆ ಯಜಮಾನ ಬಡವರ ಮದುವೆಗೆ ತಾಳಿ ಕೊಡುತ್ತಾನೆ, ಎದುರು ಮಾತಾಡಿದವರನ್ನು ಕೊಲ್ಲಿಸುತ್ತಾನೆ. ಇದನ್ನು ಆ ಚಿತ್ರ ಧರ್ಮವೆಂದು ಕರೆಯಿತು! ಪಾತ್ರಧಾರಿ ಗುರುಶಾಂತಯ್ಯನವರು ಗದಗಿನ ಕಡೆಯವರು. ನಲವತ್ತು ವರ್ಷ ಕಂಪನಿ ನಾಟಕದಲ್ಲಿ ದುಡಿದವರಿಗೆ ಸಿನಿಮಾದಲ್ಲಿ ಸಿಕ್ಕ ಮೊದಲ ದೊಡ್ಡ ಪಾತ್ರವದು.

ಕಥೆಯಲ್ಲಿ ಯಜಮಾನ ಪೊಲೀಸರೊಡನೆ ಮಾತಾಡಿದ ಮಗನನ್ನೇ ಕೊಲ್ಲಿಸುತ್ತಾನೆ. ಸೊಸೆ ಬಂದು ಅವನ ಕಾಲಿಗೆರಗಬೇಕು. ಸೊಸೆಯ ಪಾತ್ರದ ಮಾಲಿನಿ ನಿರ್ದೇಶಕರ ಮುಂದೆ ನಿಂತಳು.

"ಸರ್, 'ನನ್ನ ಗಂಡ ಮಾಡಿದ ತಪ್ಪೇನು' ಅಂತ ಒಂದು ಮಾತು ಕೇಳ್ತೀನಿ. ಒಂದೇ ಮಾತು."

"ಕೇಳಿದ್ರೆ ಯಜಮಾನ ಸಣ್ಣೋನಾಗ್ತಾನೆ ಕಣಮ್ಮಾ. ಶಿಳ್ಳೆ ಹೆಂಗ್ ಬೀಳುತ್ತೆ?"

"ಮಗನ್ನೇ ಕೊಲ್ಸಿದೋನು ಸಣ್ಣೋನಾಗೋಕೆ ಇನ್ನೇನ್ ಸರ್ ಉಳಿದಿದೆ?"

ಲೈಟು ಹಿಡಿದವರು ಕಿಸಕ್ಕೆಂದರು. ಸಿಟ್ಟಾದ ನಿರ್ದೇಶಕರು ನನ್ನ ಮೇಲೆ ಕೂತಿದ್ದ ಗುರುಶಾಂತಯ್ಯನವರತ್ತ ತಿರುಗಿದರು. "ನೀವ್ ಹೇಳಿ ಸಾರ್, ಹಿರಿಯರು. ಅವಳು ಕೇಳ್ಲಿ ಅಂತ ನೀವಂದ್ರೆ ಕೇಳ್ಲಿ."

ಮಾಲಿನಿ ಆಸೆಯಿಂದ ಅವರ ಮುಖ ನೋಡಿದಳು. ಅವರ ಬೆರಳುಗಳು ಸಿಂಹಮುಖಗಳನ್ನು ಬಿಗಿಯಾಗಿ ಹಿಡಿದವು. ಏಳುತ್ತಾರೆಂದು ನಾನು ಕಾದೆ.

"ನೀವು ಹೆಂಗ ಬರದೀರಿ, ಹಂಗ ಆಗ್ಲಿರೀ," ಎಂದರು.

ಅವಳು ಎರಗಿದಳು. ನನ್ನ ಕಾಲ ಬಳಿ ಬಿದ್ದ ಅವಳ ಕಣ್ಣೀರಿಗೆ ಗ್ಲಿಸರಿನ್ ಬೇಕಾಗಿರಲಿಲ್ಲ.

ಕೊನೆಯ ದೃಶ್ಯದಲ್ಲಿ ಯಜಮಾನ ನನ್ನ ಮೇಲೆಯೇ ನೆಮ್ಮದಿಯಾಗಿ ಸಾಯುತ್ತಾನೆ. ಹೆಣದ ಪಾತ್ರ ಮಾಡಿದವರು ಎದ್ದೊಡನೆ ಕ್ಯಾಮೆರಾಕ್ಕೆ ನಕ್ಕು ತೋರಿಸಬೇಕು. ಇಲ್ಲದಿದ್ದರೆ ಅಪಶಕುನವೆಂದು ಸಿನಿಮಾದವರ ನಂಬಿಕೆ. "ನಗಿ ಸಾರ್!" ಎಂದು ಎಲ್ಲರೂ ಕೂಗಿದರು. ಗುರುಶಾಂತಯ್ಯನವರು ಮೂರು ಬಾರಿ ಪ್ರಯತ್ನಿಸಿದರು. ನಗು ಬರಲಿಲ್ಲ.

ಚಿತ್ರ ನೂರು ದಿನ ಓಡಿತು. ನನ್ನನ್ನು ಚಿತ್ರಮಂದಿರದ ಬಾಗಿಲಲ್ಲಿ ಇಟ್ಟರು. ಜನ ಸಾಲುಗಟ್ಟಿ ಕೂತು ಫೋಟೊ ತೆಗೆಸಿಕೊಂಡರು. ಒಬ್ಬ ಮಾವ ಕಾಲ ಮೇಲೆ ಕಾಲು ಹಾಕಿ ಸೊಸೆಗೆ, "ಹೂಂ, ಬೀಳಮ್ಮ ಕಾಲಿಗೆ!" ಎಂದ. ಮಗ ನಗುತ್ತ ಫೋಟೊ ತೆಗೆದ. ಅವಳು ಬಗ್ಗಿದಳು, ನಗಲಿಲ್ಲ. ಕೊಲೆಗಾರನಿಗೆ ಹಿರಿಯನ ಮುಖ ತೊಡಿಸಿದರೆ ಮನೆಮನೆಯಲ್ಲೂ ಇದೇ ಪಾಠ ನಡೆಯುತ್ತದೆ.

ಈಗ ನನ್ನ ಒಂದು ಕಾಲು ಸಡಿಲ. ಅದೇ ಬಾಡಿಗೆ ಅಂಗಡಿಯ ಮೂಲೆಯಲ್ಲಿದ್ದೇನೆ. ಕಳೆದ ವಾರ ಗುರುಶಾಂತಯ್ಯನವರು ಯಾವುದೋ ಪಾತ್ರಕ್ಕೆ ಪೇಟ ನೋಡಲು ಬಂದರು.

"ಕೂತ್ಕೊಳ್ಳಿ ಯಜಮಾನ್ರೇ, ನಿಮ್ದೇ ಕುರ್ಚಿ!" ಎಂದ ಅಂಗಡಿಯವನು.

"ಬ್ಯಾಡಪ್ಪಾ. ಅವತ್ತ ಏಳಬೇಕಾಗಿತ್ತು ನಾ."

ಅವರು ಕೋಲೂರಿಕೊಂಡು ಬಂದಿದ್ದರು. ಆದರೂ ಪೇಟ ಸಿಗುವವರೆಗೆ ನಿಂತೇ ಇದ್ದರು. ತಡವಾಗಿ ಎದ್ದವರನ್ನೂ ನಾನು ಗೌರವಿಸುತ್ತೇನೆ. ಮಾಲಿನಿಯ ಆ ಒಂದು ಮಾತು ಮಾತ್ರ ಪರದೆಯ ಮೇಲೆ ಬರಲೇ ಇಲ್ಲ.