ಕೃತ್ತಿಕೆಯ ಪಾಲು

ಮುಹನ್ನಾನಿಗೆ ತಾನು ಮಹಾ ಬುದ್ಧಿವಂತನೆಂಬ ಭ್ರಮೆ. ಇಂಥ ಬುದ್ಧಿವಂತರನ್ನು ಒಮಾನಿನ ಆ ಬೆಟ್ಟದ ಬುಡದ ಊರು ಬೇಕಾದಷ್ಟು ಕಂಡಿತ್ತು. ಆದರೆ ಇವನನ್ನು ದಿನವೂ ಸಹಿಸುವ ಕರ್ಮ ಅವನ ತಂಗಿ ರಯ್ಯಾಳದು.

ಅಪ್ಪ ತೀರಿಕೊಂಡದ್ದು ಬೇಸಿಗೆ ಇಳಿಯುವ ಹೊತ್ತಿಗೆ. ಫಲಜ್ ಕಾಲುವೆಯಲ್ಲಿ ತನಗಿದ್ದ ರಾತ್ರಿಯ ನೀರನ್ನು ಮಕ್ಕಳಿಗೆ ಹಂಚಿದ್ದ: ಸಂಜೆಯಿಂದ ಕೃತ್ತಿಕೆ ನಕ್ಷತ್ರ ಹುಟ್ಟುವವರೆಗೆ ಮಗಳ ಖರ್ಜೂರದ ತೋಟಕ್ಕೆ, ಅಲ್ಲಿಂದ ಬೆಳಗಿನವರೆಗೆ ಮಗನ ತೋಟಕ್ಕೆ. ಆಗ ಕೃತ್ತಿಕೆ ನಡುರಾತ್ರಿಗೆ ಹುಟ್ಟುತ್ತಿತ್ತು, ಸರಿಪಾಲು. ಆದರೆ ಭೂಮಿ ಸೂರ್ಯನ ಸುತ್ತ ನಡೆಯುತ್ತಲೇ ಇರುತ್ತದಲ್ಲ, ಕೃತ್ತಿಕೆ ದಿನದಿಂದ ದಿನಕ್ಕೆ ಬೇಗ ಬೇಗ ಮೇಲೇರತೊಡಗಿತು. ರಯ್ಯಾಳ ಪಾಲು ಕರಗತೊಡಗಿತು.

ನೀರಿನ ಸರದಿ ನೋಡುವ ಸಊದಜ್ಜ, "ಕಾಲಕ್ಕೆ ತಕ್ಕಂತೆ ನಕ್ಷತ್ರ ಬದಲಾಯಿಸೋದು ಊರಿನ ಪದ್ಧತಿ ಕಣಪ್ಪಾ" ಎಂದ.

"ಅಪ್ಪ ಹೇಳಿದ್ದು ಕೃತ್ತಿಕೆ," ಎಂದ ಮುಹನ್ನಾ. "ಸತ್ತವರ ಮಾತು ಮೀರೋಕೆ ನೀನ್ಯಾರಜ್ಜಾ?"

"ಚಳಿಗಾಲಕ್ಕೆ ನನಗೆ ಒಂದು ಕೊಡ ನೀರೂ ಸಿಗಲ್ಲ ಕಣೋ ಅಣ್ಣಾ," ಎಂದಳು ರಯ್ಯಾ.

"ಅದಕ್ಕೆ ನಾನೇನು ಮಾಡ್ಲಿ? ನಕ್ಷತ್ರನ ನಾನು ಎಳ್ಕೊಂಡು ಬರ್ತೀನಾ?"

ಹಲ್ಲು ಕಿರಿದ ಆ ಮುಖ ನೋಡಿ ರಯ್ಯಾಳಿಗೆ ಮೈ ಉರಿಯಿತು. ಅವನೂ ಹುಟ್ಟಿದಾಗಿನಿಂದ ಅದೇ ಆಕಾಶದ ಕೆಳಗೇ ಇದ್ದವನು, ಆದರೆ ಆಸೆಬುರುಕನಿಗೆ ಮೂಗಿನಾಚೆ ಏನು ಕಂಡೀತು!

"ಹಾಗಾದ್ರೆ ಮಸೀದಿ ಮುಂದೆ ಆಣೆ ಇಡು," ಎಂದಳು. "ವರ್ಷಪೂರ್ತಿ ಕೃತ್ತಿಕೆನೇ. ಮಾತು ತಪ್ಪಿದೋರು ತೋಟ ಬಿಟ್ಟುಕೊಡಬೇಕು."

ಅವನು ಎದ್ದೂ ಬಿದ್ದೂ ಓಡಿ ಆಣೆ ಇಟ್ಟ.

ಚಳಿಗಾಲದಲ್ಲಿ ಹೊತ್ತು ಮುಳುಗುವಾಗಲೇ ಕೃತ್ತಿಕೆ ಮೇಲಿರುತ್ತಿತ್ತು. ನೀರೆಲ್ಲ ಅವನದಾಯಿತು. ರಯ್ಯಾಳ ಮರಗಳು ಚಳಿಯಲ್ಲಿ ಹೇಗೋ ಜೀವ ಹಿಡಿದವು, ಈರುಳ್ಳಿ ಮಡಿ ಮಾತ್ರ ಒಣಗಿ ಹೋಯಿತು. "ಬೇಕಾದ್ರೆ ನನ್ನ ಮಡೀಲಿ ಎರಡು ಕಿತ್ಕೊಳ್ಳೇ," ಎಂದು ಅಣ್ಣ ಗೋಡೆಯಾಚೆಯಿಂದ ಹಂಗಿಸಿದ. ಅವಳು ಈರುಳ್ಳಿಯಿಲ್ಲದೆ ಉಂಡಳು.

ಬಿಸಿಲು ಬಂತು, ಗೊನೆಗಳಲ್ಲಿ ಕಾಯಿ ಕಟ್ಟಿತು. ಅಷ್ಟರಲ್ಲಿ ಕೃತ್ತಿಕೆ ಸಂಜೆಯ ಬೆಳಕಿನಲ್ಲಿ ಮುಳುಗಿ ಕಾಣೆಯಾಯಿತು. ರಾತ್ರಿಯಿಡೀ ಅದು ಹುಟ್ಟಲೇ ಇಲ್ಲ, ಹಾಗಾಗಿ ರಾತ್ರಿಯಿಡೀ ನೀರು ರಯ್ಯಾಳದು. ವಾರಗಳ ಮೇಲೆ ಮತ್ತೆ ಕಂಡಾಗಲೂ ಅದು ಬೆಳಕು ಹರಿಯುವ ಮುನ್ನ ಹೆಸರಿಗಷ್ಟೇ ಮುಖ ತೋರಿಸಿತು. ಮುಹನ್ನಾನ ಮರಗಳಲ್ಲಿ ಹಸಿರು ಕಾಯಿ ಉದುರತೊಡಗಿತು. ಬಾಲ ಸುಟ್ಟ ಬೆಕ್ಕಿನಂತೆ ಅವನು ಸಊದಜ್ಜನಲ್ಲಿಗೆ ಓಡಿದ.

"ಇನ್ನಷ್ಟು ಬೇಗ ಹುಟ್ಟೋಕೆ ಕೃತ್ತಿಕೆಗೆ ನೀನೇ ಹೇಳಿ ನೋಡಪ್ಪಾ," ಎಂದು ಮುದುಕ ಹೊಟ್ಟೆ ಹಿಡಿದು ನಕ್ಕ.

ಕೊನೆಗೆ ಮುಹನ್ನಾ ತಂಗಿಯ ಬಾಗಿಲಿಗೇ ಬಂದ. "ಅರ್ಧ ರಾತ್ರಿ ನೀರಾದ್ರೂ ಬಿಡೇ ತಾಯಿ. ಮಕ್ಕಳೊಂದಿಗ ನಾನು."

"ಚಳಿಗಾಲದಲ್ಲಿ ನನಗೇನು ಹೊಟ್ಟೆ ಇರ್ಲಿಲ್ವಾ?"

ಅವನ ಮೇಲೆ ಅವಳಿಗೆ ಎಳ್ಳಷ್ಟೂ ಕನಿಕರ ಹುಟ್ಟಲಿಲ್ಲ. ಸಂಕಟವಾದದ್ದು ಅವನ ತೋಟದ ಗರಿ ಬಾಡಿದ ಮರಗಳನ್ನು ನೆನೆದು.

"ಮರ ಅಪ್ಪ ನೆಟ್ಟಿದ್ದು, ಸಾಯೋಕೆ ಬಿಡಲ್ಲ. ನಾನೇ ನೀರು ಹಾಯಿಸ್ತೀನಿ. ಆದ್ರೆ ನಿನ್ನ ತೋಟದ ಈ ವರ್ಷದ ಗೊನೆ ನಂದು."

"ಎಲ್ಲಾನೂನಾ?"

"ಎಲ್ಲಾನೂ. ಬೇಡ ಅಂದ್ರೆ ಬಂದ ದಾರಿ ಅಲ್ಲೇ ಇದೆ."

ಕೊಯ್ಲು ಮುಗಿದ ದಿನ ಮುಹನ್ನಾ ತಂಗಿಯ ಮನೆಯ ಚಾಪೆಯ ಮೇಲೆ ನೆಂಟನಂತೆ ಕೂತು, ತನ್ನ ತೋಟದ್ದೇ ಖರ್ಜೂರವನ್ನು ಅವಳು ಕೊಟ್ಟ ಕಾಫಿಯ ಜೊತೆ ತಿಂದು, ಚೆನ್ನಾಗಿದೆ ಎಂದ.