ಬೆನ್ನ ಹಿಂದಿನ ಕಪಾಟು

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವನನ್ನು ಎಲ್ಲರೂ ದಿಕ್ಸೂಚಿ ಎಂದೇ ಕರೆಯುತ್ತಿದ್ದರು. ಪುಸ್ತಕದ ಹೆಸರು ಹೇಳಿದರೆ ಸಾಕು, ತಲೆ ಎತ್ತದೆ ಬೆರಳು ತೋರಿಸುತ್ತಿದ್ದ. ಬೆರಳು ಹೋದ ಕಡೆ ಪುಸ್ತಕವಿರುತ್ತಿತ್ತು. ವಿಚಾರಣೆಯ ಮೇಜು, ಒಂದು ಕುರ್ಚಿ, ಕುರ್ಚಿಯ ಬೆನ್ನಿಗೆ ತಾಗಿದ ಬಾಗಿಲುಳ್ಳ ಕಪಾಟು, ಇಷ್ಟೇ ಅವನ ರಾಜ್ಯ. ಆ ರಾಜ್ಯಕ್ಕೆ ಮೊಬೈಲಿನಿಂದ ಕುತ್ತು ಬಂತು.

ಹೊಸದಾಗಿ ಬಂದ ಗ್ರಂಥಪಾಲಕಿ, ವಯಸ್ಸಿನಲ್ಲಿ ಅವನಿಗಿಂತ ಬಹಳ ಚಿಕ್ಕವಳು, ಪುಸ್ತಕವಿರುವ ಜಾಗವನ್ನು ಫೋನೇ ಹೇಳುವಂತೆ ಏರ್ಪಾಡು ಮಾಡಿದಳು. ಯಾವ ಪುಸ್ತಕ ಎಲ್ಲಿದೆಯೆಂದು ಅದಕ್ಕೆ ತುಂಬಿಸುವ ಕೆಲಸ ಸಿಬ್ಬಂದಿಗೆ ಹಂಚಿಕೆಯಾಯಿತು. ಓದುವ ಕೋಣೆಯ ಪಾಲು ದಿಕ್ಸೂಚಿಗೆ ಬಂತು. ಅವನು ಎಲ್ಲವನ್ನೂ ಸರಿಯಾಗಿಯೇ ತುಂಬಿಸಿದ. ತನ್ನ ಬೆನ್ನ ಹಿಂದಿನ ಕಪಾಟಿನ ಸರದಿ ಬಂದಾಗ ಮಾತ್ರ, ಅದರ ಪುಸ್ತಕಗಳೆಲ್ಲ ನೆಲಮಾಳಿಗೆಯಲ್ಲಿವೆ ಎಂದು ಬರೆದ. ಲೆಕ್ಕ ಸರಳವಾಗಿತ್ತು. ಓದುಗರು ಕೆಳಗೆ ಧೂಳು ಕುಡಿದು, ರೋಸಿಹೋಗಿ, ಮೇಲೆ ಬಂದು ಅವನನ್ನೇ ಕೇಳುತ್ತಾರೆ; ಅವನು ಕೈ ಹಿಂದಕ್ಕೆ ಚಾಚಿ ತೆಗೆದುಕೊಡುತ್ತಾನೆ; ಫೋನಿನ ಮಾನ ಬೀದಿಪಾಲಾಗುತ್ತದೆ.

ಪ್ರಯೋಗದ ದಿನ ಬೆಳಿಗ್ಗೆ ಗ್ರಂಥಪಾಲಕಿ ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

"ಯಜಮಾನ್ರೇ, ಇವತ್ತು ಯಾರಾದ್ರೂ ನಿಮ್ಮನ್ನ ಕೇಳಿ ಪುಸ್ತಕ ತಗೊಂಡು ಹೋದ್ರೆ ಈ ಕುರ್ಚಿ ಉಳಿಯತ್ತೆ. ಇಲ್ದಿದ್ರೆ ಕುರ್ಚಿಗೂ ರೆಸ್ಟು, ನಿಮ್ಗೂ ರೆಸ್ಟು."

"ಫೋನು ತಪ್ಪು ಹೇಳಿದ್ರೆ, ಮೇಡಂ?"

"ಅದಕ್ಕೇನು ಸ್ವಂತ ಬಾಯಿ ಇದ್ಯಾ? ತುಂಬಿಸಿದೋರು ಹೇಳಿದ್ದನ್ನ ಹೇಳತ್ತೆ. ಯಾವ ಪುಸ್ತಕ ಯಾರು ತುಂಬಿಸಿದ್ದು ಅಂತ ಅದರಲ್ಲೇ ಇದೆ. ಬೇಕಂತ ಕೈಚಳಕ ತೋರ್ಸಿದೋರು ಸೀದಾ ಮನೆಗೆ, ಪಿಂಚಣಿನೂ ಇಲ್ದೆ."

ದಿಕ್ಸೂಚಿ ಮತ್ತೆ ಲೆಕ್ಕ ಹಾಕಿದ. ಕೂಡಿ ಕಳೆದು ಎಷ್ಟೇ ನೋಡಿದರೂ ಉತ್ತರ ಒಂದೇ ಬಂತು: ಬೆನ್ನ ಹಿಂದಿನಿಂದ ಒಂದು ಪುಸ್ತಕ ತೆಗೆದುಕೊಟ್ಟರೂ ನೆಲಮಾಳಿಗೆಯೆಂದು ಸುಳ್ಳು ಬರೆದವನು ತಾನೇ ಎಂದು ಬಯಲಾಗುತ್ತದೆ. ಯಾರಾದರೂ ಬರಲೆಂದು ಇಷ್ಟು ದಿನ ಕಾದವನು, ಯಾರೂ ಬಾರದಿರಲಿ ಎಂದು ಬೇಡಿಕೊಳ್ಳತೊಡಗಿದ. ಮಧ್ಯಾಹ್ನದವರೆಗೆ ಯಾರೂ ಬರಲಿಲ್ಲ.

ಆಮೇಲೆ ಬಂದವಳು ಅವನ ಮಗಳು. ತಲೆಗೂದಲಲ್ಲಿ ಜೇಡರ ಬಲೆ, ಕೈಯಲ್ಲಿ ಫೋನು. ಮೇಲಿನ ಮಹಡಿಯಲ್ಲಿ ಸಂಶೋಧನೆಯ ಸೀಟಿಗೆ ಅವಳ ಸಂದರ್ಶನ ನಡೆಯುತ್ತಿತ್ತು.

"ಅಪ್ಪಾ, ನಾನು ಬರ್ದಿದ್ರಲ್ಲಿ ಪುಸ್ತಕದಿಂದ ಎತ್ತಿದ ಒಂದು ವಾಕ್ಯ ಇದ್ಯಲ್ಲ, ಅದು ಯಾವ ಪುಸ್ತಕದಲ್ಲೂ ಇಲ್ಲ, ನೀನೇ ಹುಟ್ಟಿಸಿದ್ದು ಅಂತಿದ್ದಾರೆ. ನಾವು ಏಳೋದ್ರೊಳಗೆ ಪುಸ್ತಕ ತಂದು ಪುಟ ತೋರ್ಸು, ಇಲ್ದಿದ್ರೆ ಈ ಕಡೆ ತಲೆ ಹಾಕ್ಬೇಡ ಅಂದ್ರು. ನೆಲಮಾಳಿಗೆ ಪೂರ್ತಿ ಜಾಲಾಡಿದೆ, ಇಲ್ಲ. ಎಲ್ಲಿದೆ ಅಪ್ಪಾ?"

ಅವಳು ಹೆಸರು ಹೇಳಿದಳು. ಅಭ್ಯಾಸಬಲದಿಂದ ಅವನ ಬೆರಳು ಮೇಜಿನಿಂದ ಮೇಲೆದ್ದಿತು. ಅದನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದ.

"ಫೋನ್ ಏನ್ ಹೇಳತ್ತೆ?" ಎಂದಳು ಗ್ರಂಥಪಾಲಕಿ.

"ನೆಲಮಾಳಿಗೆ ಅಂತಿದೆ, ಮೇಡಂ."

"ಹಾಗಾದ್ರೆ ಅಲ್ಲೇ ಇದೆ," ಎಂದ ದಿಕ್ಸೂಚಿ. "ಸರಿಯಾಗಿ ನೋಡಮ್ಮ."

"ನೋಡ್ದೆ ಅಪ್ಪಾ! ನೀವೇ ತಾನೇ ಮನೆಗೆ ತಂದ್ಕೊಟ್ಟಿದ್ದು? ಕೆಂಪು ಬೈಂಡು, ಮೂಲೆ ಹರಿದಿತ್ತು, ನೀವೇ ಅಂಟಿಸಿದ್ರಿ."

ಗ್ರಂಥಪಾಲಕಿ ಅವನ ಮುಖವನ್ನೇ ನೋಡಿದಳು.

"ಅದು ಬೇರೆ ಪುಸ್ತಕ," ಎಂದ ದಿಕ್ಸೂಚಿ.

"ಬೇರೆ ಹೇಗಾಗತ್ತೆ? ನಾನು ಓದಿ ನಿಮಗೇ ಹೇಳಿದ್ದೆ..."

"ಬೇರೆ ಅಂದ್ನಲ್ಲ. ಈ ಪುಸ್ತಕ ನಾನು ಕಣ್ಣಲ್ಲೂ ಕಂಡಿಲ್ಲ."

ಮಗಳು ಅವನ ತಲೆಯ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸಿದಳು. "ಈ ಕಪಾಟಲ್ಲಿ ಒಂದ್ಸಲ ನೋಡ್ಲಾ?"

"ಅದರಲ್ಲಿ ಹಳೇ ರಶೀದಿ ಇರೋದು," ಎಂದು ಅವನು ಕುರ್ಚಿಯನ್ನು ಕಪಾಟಿಗೆ ಇನ್ನಷ್ಟು ಒತ್ತಿ ಕೂತ. ಬಾಗಿಲಿನ ಹಿಡಿ ಬೆನ್ನುಮೂಳೆಗೆ ನಾಟಿತು.

ಅವಳು ಮತ್ತೆ ಕೆಳಗೆ ಓಡಿದಳು. ನೆಲಮಾಳಿಗೆಯಲ್ಲಿ ಏಣಿ ಎಳೆದಾಡುವ ಸದ್ದು ಮೇಜಿನವರೆಗೂ ಕೇಳಿಸುತ್ತಿತ್ತು. ಪುಸ್ತಕವನ್ನು ತಾನೇ ಒಯ್ದು ಕೆಳಗಿಟ್ಟುಬಿಡಬಹುದೆಂದು ಅವನಿಗೆ ಹೊಳೆಯದೆ ಇರಲಿಲ್ಲ. ಆದರೆ ಪಕ್ಕದಲ್ಲಿ ಕೂತ ಗ್ರಂಥಪಾಲಕಿ ಏಳಲಿಲ್ಲ. ಬೆಳಕು ಕಿಟಕಿಯಿಂದ ಜಾರಿದ ಮೇಲೆ ಮೆಟ್ಟಿಲಿನಲ್ಲಿ ಸಂದರ್ಶನ ಮುಗಿಸಿ ಇಳಿಯುವ ಪ್ರಾಧ್ಯಾಪಕರ ನಗು ಕೇಳಿತು. "ಧೈರ್ಯ ನೋಡ್ರೀ ಹುಡುಗೀದು! ಇಲ್ದಿರೋ ಪುಟ ಓದಿದಾಳೆ!" ಆಮೇಲೆ ಏಣಿಯ ಸದ್ದೂ ನಿಂತಿತು.

ಗ್ರಂಥಪಾಲಕಿ ಎದ್ದು ಸೀರೆ ಕೊಡವಿಕೊಂಡಳು.

"ನೋಡಿದ್ರಾ ಯಜಮಾನ್ರೇ? ದಿನವೆಲ್ಲ ಕೂತಿದ್ದಕ್ಕೆ ನಿಮ್ಮನ್ನ ಕೇಳೋಕೆ ಬಂದಿದ್ದು ನಿಮ್ಮ ಮಗಳೊಬ್ಳೇ. ಅವಳೂ ಬರಿಗೈಲಿ ಹೋದ್ಲು. ಇನ್ನು ಈ ಕುರ್ಚಿ ಯಾಕೆ? ನಾಳೆ ಕಪಾಟು ಗುಜರಿಗೆ ಹೋಗ್ಲಿ. ಒಳಗಿರೋದು ರಶೀದಿ ತಾನೇ, ಈಗ್ಲೇ ಹಿಂದಿನ ಅಂಗಳದಲ್ಲಿ ಹಾಕಿ ನೀವೇ ಸುಟ್ಬಿಡಿ."

"ಆಯ್ತು, ಮೇಡಂ."

ಅವನು ಸುಟ್ಟ. ಕೆಂಪು ಬೈಂಡು ಸುಲಭಕ್ಕೆ ಹತ್ತಿಕೊಳ್ಳಲಿಲ್ಲ. ಅಂಟಿಸಿದ ಮೂಲೆಯನ್ನು ಕಡ್ಡಿಯಿಂದ ಉರಿಯೊಳಕ್ಕೆ ನೂಕಬೇಕಾಯಿತು.

ಗೇಟಿನ ಬಳಿ ಮಗಳು ಕಾಯುತ್ತಿದ್ದಳು. ಅತ್ತು ಮುಗಿದಿತ್ತು. ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಅಲ್ಲಿ ಅವಳು ಅವನ ಅಂಗಿಯ ತೋಳಿಗೆ ಹತ್ತಿದ್ದ ಬೂದಿಯನ್ನು ಕೈಯಿಂದ ಒರೆಸಿದಳು.

"ಅಪ್ಪಾ, ನಿಜ ಹೇಳಿ. ನೀವು ಪುಸ್ತಕದ ವಿಷಯದಲ್ಲಿ ಯಾವತ್ತೂ ತಪ್ಪಿಲ್ಲ. ಆ ಪುಸ್ತಕ ನಾನು ಓದೇ ಇಲ್ವಾ?"

ಬಸ್ಸು ಬರುತ್ತಿತ್ತು. ಅವನು ಅದರ ಬೋರ್ಡಿನ ಮೇಲೆ ಕಣ್ಣಿಟ್ಟ.

"ಇಲ್ಲಮ್ಮ," ಎಂದ. "ಓದಿಲ್ಲ."