ಮುಂದಿನವು ದಾಟಲಿ

ಗುಂಡಿನ ಸದ್ದು ಕೇಳಿಸಿದಾಗ ಡೋರ್ಕಸಳ ಕೆಂಪು ಶಾಲು ಇನ್ನೂ ಅವಳ ಮಡಿಲಲ್ಲೇ ಇತ್ತು. ಅವಳು ದಿಬ್ಬದ ಮೇಲೆ ಎದ್ದು ನಿಂತು ಆ ಶಾಲು ಬೀಸುವ ತನಕ ಈ ಹೊಳೆಯ ದಂಡೆಯಲ್ಲಿ ಯಾರೂ ಬಂದೂಕು ಎತ್ತುವಂತಿಲ್ಲ. ಅವಳಿಗೆ ಮೊದಲು ಅವಳ ಅಪ್ಪ ಬೀಸುತ್ತಿದ್ದ, ಅಪ್ಪನಿಗೆ ಮೊದಲು ಅವನ ಅಜ್ಜಿ. ಮುಂದಿನವು ದಾಟಲಿ, ಹಿಂದಿನವು ತಾವಾಗಿಯೇ ಬರುತ್ತವೆ. ಮೊಲೆಹಾಲಿನ ಜೊತೆಗೇ ಇಲ್ಲಿನ ಮಕ್ಕಳು ಕಲಿಯುವ ಮಾತು ಇದು.

ಎದುರು ದಂಡೆಯ ಇಳಿಜಾರೆಲ್ಲ ಕ್ಯಾರಿಬು, ಹಿಮನಾಡಿನ ಆ ದೊಡ್ಡ ಜಿಂಕೆಗಳು. ಕಣ್ಣು ಹಾಯುವಷ್ಟು ದೂರ ಕವಲೊಡೆದ ಕೊಂಬು, ಕಂದು ಬೆನ್ನು, ಬಿಳಿ ಕುತ್ತಿಗೆ. ವಸಂತದಲ್ಲಿ ಬಡಗಣ ಕಡಲಂಚಿಗೆ ಹೋಗಿ ಕರು ಹಾಕಿ, ಬೇಸಿಗೆಯ ಸೊಳ್ಳೆಗೆ ಹುಚ್ಚು ಹಿಡಿದು ಬೆಟ್ಟ ಹತ್ತಿ, ಮೊದಲ ಹಿಮ ಬೀಳುವ ಹೊತ್ತಿಗೆ ತೆಂಕಣ ಕಾಡಿಗೆ ಮರಳುವ ಹಿಂಡು. ಹೋದ ವರ್ಷ ಅದು ಈ ಕಡೆ ತಲೆಯೇ ಹಾಕಿರಲಿಲ್ಲ. ಊರಿಡೀ ಚಳಿಗಾಲ ಮೀನು ತಿಂದು, ವಿಮಾನದಲ್ಲಿ ಬರುವ ಸಪ್ಪೆ ಕೋಳಿ ತಿಂದು, ದೇವರನ್ನೂ ಸರಕಾರವನ್ನೂ ಒಟ್ಟಿಗೆ ಬೈದಿತ್ತು. ಈ ಸಲ ಬಂದಿದೆ, ಕಣ್ಣೆದುರಿಗೇ ಬಂದಿದೆ. ಮುಂದಿನ ಕೆಲವು ಆಗಲೇ ನೀರಿಗೆ ಇಳಿದು ಅರ್ಧ ಹೊಳೆ ಈಜಿದ್ದವು. ಎಲ್ಲಕ್ಕೂ ಮುಂದೆ, ಮೂತಿ ಬೆಳ್ಳಗಾದ ಒಂದು ಮುದಿ ಹೆಣ್ಣು. ದಾರಿ ಬಲ್ಲವಳು.

ಆ ಮುದಿ ಹೆಣ್ಣಿನ ತಲೆ ನೀರಿನಲ್ಲಿ ಹೊರಳಿತು.

"ಅಯ್ಯೋ! ಯಾವನೋ ಅವನು, ಯಾವ ಹಾಳಾದವನೋ!" ಎಂದು ಡೋರ್ಕಸ್ ಚೀರಿದಳು. ಚೀರಿ ಏನು ಪ್ರಯೋಜನ? ನೀರಿನಲ್ಲಿದ್ದವು ಗಕ್ಕನೆ ತಿರುಗಿದವು. ದಂಡೆಯಲ್ಲಿದ್ದವು ಅವನ್ನು ಕಂಡು ತಿರುಗಿದವು. ಇಳಿಜಾರಿಗೆ ಇಳಿಜಾರೇ ಮಗ್ಗುಲು ಬದಲಿಸಿತು. ಗೊರಸಿನ ಸದ್ದು ದೊಡ್ಡದಾಗಿ, ಸಣ್ಣದಾಗಿ, ಪಡುವಣ ಗುಡ್ಡದ ಆಚೆ ಸತ್ತುಹೋಯಿತು. ಒಂದು ಚಿಲುಮೆ ಹೊಗೆಸೊಪ್ಪು ಸೇದುವಷ್ಟರಲ್ಲಿ ಆ ಕಡೆ ಬರಿಯ ಪಾಚಿ ಉಳಿಯಿತು.

ಅವಳು ಬಿದ್ದು ಎದ್ದು ದಿಬ್ಬ ಇಳಿದಳು. ಎಲ್ಲರ ಅನುಮಾನ ಅವಳ ಅಣ್ಣನ ಮಗ ವಿಲ್‌ಫ್ರೆಡ್‌ನ ಮೇಲೆ, ಅವಳದ್ದೂ ಕೂಡ. ಬಾಯಿ ಮುಂದು, ಬೆರಳು ಅದಕ್ಕಿಂತ ಮುಂದು, ಅಂಥ ಆಸಾಮಿ. ಆದರೆ ವಿಲ್‌ಫ್ರೆಡ್ ಎರಡೂ ಕೈ ಮೇಲೆತ್ತಿಕೊಂಡೇ ಓಡಿಬಂದ.

"ಅತ್ತೆ, ನಾನಲ್ಲ! ನನ್ನಾಣೆ, ನಿನ್ನಾಣೆ! ಬೇಕಿದ್ರೆ ನಳಿಗೆ ಮುಟ್ಟಿ ನೋಡು, ತಣ್ಣಗಿದೆ. ಸದ್ದು ಬಂದಿದ್ದು ಕೆಳಗೆ ಹೊಳೆ ತಿರುವಿನ ಕಡೆಯಿಂದ."

ತಿರುವಿನಲ್ಲಿ ಕೂರುವವನು ಥಡಿಯಸ್ ಒಬ್ಬನೇ. ಡೋರ್ಕಸಳ ತೀರಿಹೋದ ಗಂಡನ ಅಣ್ಣ. ಅವಳ ಮಕ್ಕಳನ್ನು ಸಾಕಿದವನು. ಈ ಊರಿನ ಅರ್ಧ ಜನಕ್ಕೆ ಬಂದೂಕು ಹಿಡಿಯಲು ಕಲಿಸಿದವನು, ಅದಕ್ಕಿಂತ ಹೆಚ್ಚಾಗಿ ಹಿಡಿದೂ ಹೊಡೆಯದೆ ಕೂರುವುದನ್ನು ಕಲಿಸಿದವನು. ಅವನು ಹೊಡೆದನೇ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಥಡಿಯಸ್ ಸತ್ತ ಹೆಣ್ಣನ್ನು ದೋಣಿಯ ಪಕ್ಕಕ್ಕೆ ಕಟ್ಟಿ ಎಳೆದು ತಂದ.

"ಇದೇನ್ ಮಾಡ್ದೆ ನೀನು?" ಅಂದಳು ಡೋರ್ಕಸ್. ಮದುವೆಯಾಗಿ ಬಂದ ದಿನದಿಂದ ಭಾವನಿಗೆ 'ನೀವು' ಬಿಟ್ಟು ಮಾತಾಡದವಳು, ಊರೆದುರಿಗೇ 'ನೀನು' ಅಂದಳು. "ತಲೆ ಬೆಳ್ಳಗಾಯ್ತು, ಬುದ್ಧಿ ಎಲ್ಲಿ ಕಳ್ಕೊಂಡೆ? ಮಾಡಿದ್ದುಣ್ಣೋ ಮಹಾರಾಯ ಅಂತ ಬಿಟ್ಬಿಡೋಣ ಅಂದ್ರೆ, ನೀ ಮಾಡಿದ್ದನ್ನ ಊರೇ ಉಣ್ಬೇಕಲ್ಲೋ!"

"ನೀರಲ್ಲಿ..." ಎಂದು ಶುರು ಮಾಡಿದ ಅವನು. ತನ್ನ ಒದ್ದೆ ಅಂಗೈ ನೋಡಿಕೊಂಡ. ಅಲ್ಲಿ ಏನೋ ಅಂಟಿತ್ತು. ಅದನ್ನು ಬೆರಳಿನಿಂದ ಒಮ್ಮೆ ತಿಕ್ಕಿ ನೋಡಿ, ಮುಷ್ಟಿ ಮುಚ್ಚಿ ಜೇಬಿಗೆ ಹಾಕಿಕೊಂಡ.

"ನೀರಲ್ಲಿ ಏನ್ ಮಾವ? ಮೀನು ಬಂದು ಹೊಡಿ ಅಂತ ಹೇಳ್ತಾ?" ಅಂದ ವಿಲ್‌ಫ್ರೆಡ್. ಇಬ್ಬರು ಮೂವರು ನಕ್ಕರು. ಅದು ನಗುವೇ ಅಲ್ಲ.

"ಏನಿಲ್ಲ. ತಪ್ಪಾಯ್ತು," ಅಂದ ಥಡಿಯಸ್.

ಮುಂದಿನದಕ್ಕೆ ಗುಂಡು ಹಾಕಿದವನು ಬಂದೂಕನ್ನು ಶಾಲು ಬೀಸುವವರ ಕೈಗೆ ಒಪ್ಪಿಸಬೇಕು, ಬದುಕಿರುವ ತನಕ ಹಿಂಡು ಹೊಳೆ ದಾಟುವ ಕಡವಿನಲ್ಲಿ ಕೂರಬಾರದು. ಅವನು ಕೇಳುವ ಮೊದಲೇ ಒಪ್ಪಿಸಿದ. ಸತ್ತ ಹೆಣ್ಣಿನ ಮಾಂಸ ಪದ್ಧತಿಯಂತೆ ಮನೆಮನೆಗೆ ಹಂಚಿಹೋಯಿತು. ಡೋರ್ಕಸಳ ಪಾಲು ತಂದವರನ್ನು ಅವಳು ಬಾಗಿಲಿನಿಂದಲೇ ಅಟ್ಟಿದಳು. "ಆ ಮಾಂಸ ನನ್ನ ಹೊಸಿಲು ದಾಟಬಾರದು. ಅವನೇ ತಿನ್ಲಿ, ಹೊಟ್ಟೆ ಒಡೆಯೋ ಹಾಗೆ ತಿನ್ಲಿ!"

ಊರು ಕಾಯಿತು. ಹಿಂಡು ಮನಸ್ಸು ಬದಲಿಸಬಹುದು, ಹಾಗೆ ಆದದ್ದೂ ಉಂಟು. ಆದರೆ ಕುತ್ತಿಗೆಗೆ ಪಟ್ಟಿ ಕಟ್ಟಿ ಕೆಲವು ಕ್ಯಾರಿಬುಗಳ ಜಾಡು ಹಿಡಿಯುವ ಇಲಾಖೆಯ ನಕ್ಷೆಯನ್ನು ವಿಲ್‌ಫ್ರೆಡ್ ಒಂದು ದಿನ ಮೊಬೈಲಿನಲ್ಲಿ ತಂದು ತೋರಿಸಿದ. ಚುಕ್ಕಿಗಳೆಲ್ಲ ಪಡುವಣಕ್ಕೆ ಸಾಗಿ, ದೋಣಿ ಹೋಗದ ಕಣಿವೆಗಳಲ್ಲಿ ಹೊಳೆ ದಾಟಿಬಿಟ್ಟಿದ್ದವು. "ಮುಗೀತು ಅತ್ತೆ. ಈ ವರ್ಷಾನೂ ಕೋಳಿಯೇ ಗತಿ," ಅಂದ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಡೋರ್ಕಸ್ ಹೊಳೆಯ ಮೇಲ್ಗಡೆ ತೊಗಲು ಹದ ಮಾಡುವ ತನ್ನ ಡೇರೆ ಕೀಳಲು ಹೋದಳು. ಹಿಂಡು ಬರುವ ಮುಂಚಿನ ವಾರವೆಲ್ಲ ಅವಳು ಅಲ್ಲೇ ಕೂತು ಹಳೆಯ ತೊಗಲುಗಳ ಕೂದಲು ಹೆರೆದು, ಗೋಣಿಚೀಲಕ್ಕೆ ತುಂಬಿದ್ದಳು. ಚೀಲವನ್ನು ದಂಡೆಯ ಪೊದೆಯ ಬುಡದಲ್ಲಿಟ್ಟಿದ್ದಳು. ಸುಡಬೇಕಿತ್ತು. ಸೊಂಟ ನೋಯುತ್ತಿತ್ತು, ನಾಳೆ ಸುಟ್ಟರಾಯ್ತು ಅಂದುಕೊಂಡಿದ್ದಳು.

ಚೀಲ ಅಲ್ಲಿರಲಿಲ್ಲ. ಬೆಟ್ಟದ ಮಳೆಗೆ ಹೊಳೆ ಉಬ್ಬಿ ಇಳಿದ ಗುರುತು ಪೊದೆಯ ಮೊಣಕಾಲೆತ್ತರಕ್ಕೆ ಇತ್ತು. ತುಸು ಕೆಳಗೆ, ಬೇರಿಗೆ ಸಿಕ್ಕಿಕೊಂಡು, ಬಾಯಿ ಬಿಚ್ಚಿದ ಖಾಲಿ ಚೀಲ. ಅಲ್ಲಿಂದ ಮುಂದಕ್ಕೆ ನೀರಿನಂಚಿನ ಕಲ್ಲುಗಳ ಮೇಲೆಲ್ಲ ಬೆಳ್ಳಗೆ ಒಣಗಿದ ಕೂದಲು.

ತಿರುವಿನಲ್ಲಿ ಕೂತವನಿಗೆ ದಿಬ್ಬ ಕಾಣುವುದಿಲ್ಲ, ಶಾಲು ಕಾಣುವುದಿಲ್ಲ. ಅಲ್ಲಿ ಕೂರುವವನು ಹಿಂದಿನಿಂದಲೂ ನೀರನ್ನೇ ನೋಡುತ್ತಾನೆ. ಕ್ಯಾರಿಬು ಈಜಿದರೆ ಕೂದಲು ಉದುರುತ್ತದೆ, ತೇಲುತ್ತದೆ. ನೀರಿನ ಮೇಲೆ ಕೂದಲು ದಟ್ಟವಾಗಿ ಬಂತೆಂದರೆ ಮೇಲಿನ ಕಡವಿನಲ್ಲಿ ಮುಂದಿನವು ದಾಟಿಯಾಯಿತು, ಎದುರಿಗಿರುವುದು ಹಿಂದಿನವು, ಹೊಡೆಯಬಹುದು. ಅದಕ್ಕೇ ಹೆರೆದ ಕೂದಲು ಹೊಳೆಗೆ ಬೀಳಬಾರದು. ನೀರು ಸುಳ್ಳು ಹೇಳಬಾರದು ಎಂದು ಊರಿನ ಹುಡುಗಿಯರಿಗೆಲ್ಲ ತಲೆ ಮೇಲೆ ಮೊಟಕಿ ಹೇಳಿಕೊಟ್ಟವಳು ಇದೇ ಡೋರ್ಕಸ್.

ಒಂದು ಚಿಟಿಕೆ ಕೂದಲು ಎತ್ತಿ ನೋಡಿದಳು. ಉದುರಿದ ಕೂದಲಿನ ಬುಡ ಚೂಪು. ಇದರ ಬುಡ ಅಲಗಿಗೆ ಸಿಕ್ಕು ಮೊಂಡಾಗಿತ್ತು. ಅವಳದೇ ಅಲಗು. "ದೇವರೇ, ನಾನೇನು ಮಾಡಿಬಿಟ್ಟೆ," ಎಂದು ಕಲ್ಲಿನ ಮೇಲೆ ಕುಸಿದಳು.

ಎದ್ದವಳು ನೇರ ಥಡಿಯಸನ ಮನೆಗೆ ಹೋದಳು. ಅವನು ಬಲೆ ಹೆಣೆಯುತ್ತಿದ್ದ. ಅವಳು ಅಂಗೈ ಚಾಚಿದಳು. ಅವನು ನೋಡಿದ, ಆಶ್ಚರ್ಯಪಡಲಿಲ್ಲ.

"ನಿಮಗೆ ಅವತ್ತೇ ಗೊತ್ತಿತ್ತಾ, ಭಾವ?"

"ಹೊಡೆದ ಮೇಲೆ ಗೊತ್ತಾಯ್ತು. ಕೈಗೆ ಅಂಟಿತ್ತಲ್ಲ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ಅಷ್ಟು ಬೈದೆನಲ್ಲ, ಊರೆದುರಿಗೆ ಮಾನ ಕಳೆದೆನಲ್ಲ!"

"ನನ್ನದು ಹೋದ್ರೆ ಒಂದು ಬಂದೂಕು ಹೋಗತ್ತೆ. ಶಾಲು ಬೀಸೋಳ ಮೇಲೆ ನಂಬಿಕೆ ಹೋದ್ರೆ, ಮುಂದಿನ ವರ್ಷ ಯಾರು ತಡ್ಕೊಂಡು ಕೂರ್ತಾರೆ? ಸುಮ್ನಿರಮ್ಮ. ಆ ಕೂದಲನ್ನ ಒಲೆಗೆ ಹಾಕು."

ಒಲೆ ಪಕ್ಕದಲ್ಲೇ ಇತ್ತು. ಹಾಕಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಸುಟ್ಟುಹೋಗುತ್ತಿತ್ತು. ಹಾಕಬೇಕೆಂದು ಡೋರ್ಕಸಳಿಗೆ ಅನ್ನಿಸಿದ್ದೂ ನಿಜ. ಆಮೇಲೆ ಮುಷ್ಟಿ ಬಿಗಿಮಾಡಿ ಹೊರಗೆ ನಡೆದಳು.

ದೋಣಿ ಕಟ್ಟುವ ಜಾಗದಲ್ಲಿ ಊರಿನವರೆಲ್ಲ ಮೀನಿನ ಬಲೆ ಸರಿಮಾಡುತ್ತಿದ್ದರು. ಅವಳು ಥಡಿಯಸನ ಬಂದೂಕು, ತನ್ನ ಬಂದೂಕು, ಖಾಲಿ ಗೋಣಿಚೀಲ ಮೂರನ್ನೂ ಅವರ ಮುಂದೆ ಕಲ್ಲಿನ ಮೇಲಿಟ್ಟು, ನಡೆದದ್ದನ್ನು ನಡೆದ ಹಾಗೇ ಹೇಳಿದಳು.

"ಅತ್ತೆ, ತಮಾಷೆ ಮಾಡ್ಬೇಡ," ಅಂದ ವಿಲ್‌ಫ್ರೆಡ್.

"ಕೂದಲಿನ ಬುಡ ನೋಡೋ."

ಅವನು ನೋಡಿದ. ಪಕ್ಕದವರಿಗೆ ಕೊಟ್ಟ. ಕೂದಲು ಕೈಯಿಂದ ಕೈಗೆ ಹೋಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವಳು ಹೆಗಲಿನಿಂದ ಕೆಂಪು ಶಾಲು ತೆಗೆದು, "ಇದನ್ನ ಯಾರಿಗೆ ಕೊಡ್ಬೇಕೋ ನೀವೇ ಹೇಳಿ," ಅಂದಳು. ಒಂದು ಕೈಯೂ ಮುಂದೆ ಬರಲಿಲ್ಲ. ಒಬ್ಬೊಬ್ಬರಾಗಿ ಬಲೆ ಅಲ್ಲೇ ಬಿಟ್ಟು ಮನೆಗೆ ಹೋದರು. ವಿಲ್‌ಫ್ರೆಡ್ ಕೊನೆಗೆ ಹೋದ. ಹೋಗುವಾಗ ಥಡಿಯಸನ ಬಂದೂಕನ್ನು ಎತ್ತಿ, ತೋಳಿನಿಂದ ತೇವ ಒರೆಸಿ, ಅವನ ಮನೆಯ ಕಡೆಗೆ ಒಯ್ದ.

ಡೋರ್ಕಸ್ ಎಷ್ಟು ಹೊತ್ತು ಅಲ್ಲೇ ಕೂತಿದ್ದಳೋ. ಥಡಿಯಸ್ ಬಂದು ಶಾಲನ್ನು ಕಲ್ಲಿನ ಮೇಲಿಂದ ಎತ್ತಿಕೊಂಡ. "ಬಾ," ಅಂದ, ಅಷ್ಟೇ. ಅವಳು ಹಿಂದೆ ನಡೆದಳು.

ಮನೆಯಲ್ಲಿ ಅವನು ಶಾಲನ್ನು ಒಲೆಯ ಮೇಲಿನ ಹಗ್ಗಕ್ಕೆ ಹರವಿದ. ಪಾತ್ರೆಯಿಂದ ಒಂದು ಬಟ್ಟಲು ಸಾರು ಬಗ್ಗಿಸಿ, ಒಳ್ಳೆಯ ತುಂಡೊಂದನ್ನು ಹುಡುಕಿ ಹಾಕಿ, ಅವಳ ಮುಂದಿಟ್ಟ. ಯಾವ ಮಾಂಸವೆಂದು ಅವಳು ಕೇಳಬೇಕಾಗಿರಲಿಲ್ಲ.

"ನಿನ್ನ ಪಾಲು. ತೆಗೆದಿಟ್ಟಿದ್ದೆ," ಅಂದ. "ತಿನ್ನು. ನಾವಿಬ್ರೂ ಸೇರಿ ಹೊಡೆದದ್ದು. ಒಬ್ಬನೇ ತಿಂದು ಮುಗಿಸೋಕೆ ನನ್ನ ಕೈಲಿ ಆಗ್ತಿಲ್ಲ."

ಡೋರ್ಕಸ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಿಂದಳು.